ಹೈಬ್ರಿಡ್ ಗಾಡಿಯ ಸಪ್ಪಳವೂ ಬೀಗತನದ ಮಾತೂ

ಹೈಬ್ರಿಡ್ ಎಂಬ ಶಬ್ದವು ಧಾರವಾಡ ಸೀಮೆಯ ಒಕ್ಕಲು ಮನೆತನಗಳಿಗೆ ಹೊಸದಲ್ಲ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿಗಳು ಎರಡು ಬೇರೆ ಜಾತಿಯ ಹತ್ತಿಗಳನ್ನು ಸಂಕರಗೊಳಿಸಿ ‘ವರಲಕ್ಷ್ಮಿ’ ಎಂಬ ತಳಿಯನ್ನು ಹೊರತಂದರು. ಅಂದಿನಿಂದ ಈ ಶಬ್ದವು ನಮ್ಮ ಎರಿ ಹೊಲಗಳ ಬದುವಿನ ಮೇಲೆ ಓಡಾಡುತ್ತಲೇ ಇದೆ. ಈಗ ಅದೇ ಶಬ್ದವು ಮೋಟಾರು ಗಾಡಿಗೂ ಅಂಟಿಕೊಂಡಿದೆ. ಪೆಟ್ರೋಲಿನಿಂದ ನಡೆಯುವ ಇಂಜಿನ್ ಒಂದು, ಬ್ಯಾಟರಿಯಿಂದ ನಡೆಯುವ ವಿದ್ಯುತ್ ಮೋಟಾರು ಇನ್ನೊಂದು. ಈ ಎರಡನ್ನೂ ಒಂದೇ ಗಾಡಿಯಲ್ಲಿ ಹೂಡಿದರೆ ಅದು ಹೈಬ್ರಿಡ್ ಗಾಡಿ. ಜಪಾನಿನಲ್ಲಿ 1997ರಲ್ಲಿ ಟೊಯೊಟಾ ಕಂಪನಿಯ ‘ಪ್ರಿಯಸ್’ ಎಂಬ ಗಾಡಿಯೊಂದಿಗೆ ಇದರ ಬಳಕೆ ಹಬ್ಬತೊಡಗಿತು. ನಮ್ಮ ನಾಡಿನ ಬಿಡದಿಯ ಕಾರ್ಖಾನೆಯಲ್ಲಿ 2013ರಿಂದ ಇಂಥ ಗಾಡಿಗಳು ಸಿದ್ಧವಾಗುತ್ತಿದ್ದವಾದರೂ ಅವು ಸಿರಿವಂತರ ಪಾಲಾಗಿದ್ದವು. 2022ರಿಂದ ಮಧ್ಯಮ ಸ್ಥಿತಿಯ ಕುಟುಂಬಗಳೂ ಕೊಳ್ಳಬಹುದಾದ ಹೈಬ್ರಿಡ್ ಗಾಡಿಗಳು ಬಂದವು. ಹೀಗಾಗಿ ಎರಡು ಮೂರು ವರ್ಷ ಬಳಸಿ ಮಾರಿದ ಗಾಡಿಗಳು ಈಗ ನಮ್ಮ ಅವಳಿ ನಗರದ ಬೀದಿಗಳಲ್ಲಿ ಕಾಣತೊಡಗಿವೆ.

ಅಂಥದೊಂದು ಗಾಡಿ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೂ ಬಂದಿತು. ನಮ್ಮ ವಾಸ ಧಾರವಾಡದಲ್ಲಿ. ಮಗನ ನೌಕರಿ ಹುಬ್ಬಳ್ಳಿಯಲ್ಲಿ. ದಿನವೂ ಇಪ್ಪತ್ತು ಕಿಲೋಮೀಟರು ಹೋಗಿ ಅಷ್ಟೇ ದೂರ ಮರಳಬೇಕು. ನವಲೂರು, ನವನಗರ, ಉಣಕಲ್ಲುಗಳ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋಗುವ ಪ್ರಯಾಣಕ್ಕೆ ಹೈಬ್ರಿಡ್ ಗಾಡಿಯೇ ಲೇಸೆಂದು ಆತ ತೀರ್ಮಾನಿಸಿದನು. ನನ್ನ ನಿವೃತ್ತಿಯ ಹಣದಲ್ಲಿ ಒಂದು ಭಾಗ, ಉಳಿದುದು ಸಾಲ. ಗಾಡಿಯನ್ನು ಹುಡುಕಿಕೊಟ್ಟವನು ಬೆಂಗಳೂರಿನಲ್ಲಿರುವ ನನ್ನ ಮನೆಯವರ ಅಕ್ಕನ ಮಗ. ತನ್ನ ಪರಿಚಯದವರ ಗಾಡಿಯೆಂದೂ ಕಾಗದಪತ್ರಗಳನ್ನು ತಾನೇ ನೋಡಿರುವೆನೆಂದೂ ಹೇಳಿ, ಒಂದು ರೂಪಾಯಿ ದಲಾಲಿಯಿಲ್ಲದೆ ವ್ಯವಹಾರ ಮುಗಿಸಿ, ಗಾಡಿಯನ್ನು ಸ್ವತಃ ನಡೆಸಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿ ಹೋದನು.

ಮೊದಲ ವಾರದಲ್ಲಿಯೇ ಗಾಡಿಯ ಸಪ್ಪಳಗಳು ಮನೆಮಂದಿಯ ನಿದ್ದೆ ಕೆಡಿಸಿದವು. ಮುಂಜಾನೆ ಚಾಲೂ ಮಾಡಿದೊಡನೆ ಇಂಜಿನ್ ಜೋರಾಗಿ ಗುರುಗುಟ್ಟುವುದು. ನಿಮಿಷ ಕಳೆಯುವುದರೊಳಗೆ ಸದ್ದಿಲ್ಲದೆ ಆರಿಹೋಗುವುದು. ಸಿಗ್ನಲ್ಲಿನಲ್ಲಿ ನಿಂತಾಗ ಯಾರೂ ಮುಟ್ಟದೆ ತಾನಾಗಿ ಹೊತ್ತಿಕೊಳ್ಳುವುದು. ಏರಿನಲ್ಲಿ ಕಾಲು ಒತ್ತಿದರೆ ಗಾಡಿಯ ವೇಗ ಏರುವ ಮೊದಲೇ ಇಂಜಿನ್ ಕೂಗುವುದು. ಹಿಂದಿನ ಆಸನದ ಬದಿಯಿಂದ ಬೀಸುಗಲ್ಲಿನಂಥ ಭರ್ ಎಂಬ ಸಪ್ಪಳ. ಪರಿಚಯದ ಗ್ಯಾರೇಜೊಂದರಲ್ಲಿ ತೋರಿಸಿದರೆ, ಅಲ್ಲಿಯ ಮಿಸ್ತ್ರಿಯು ಬಾನೆಟ್ಟು ತೆರೆದು ನೋಡಿ, ಇಂಜಿನ್ ಬಿಚ್ಚಬೇಕಾದೀತು ಎಂದನು.

ಆ ಮಾತಿನಿಂದ ಮನೆಯ ನೆಮ್ಮದಿ ಕದಡಿತು. ಮಗನು ಸಂಜೆ ಬಂದು ಚೀಲವನ್ನು ಎಸೆದವನೇ, “ಮನಿಯವನಾಗಿ ಹಿಂಗ ಮಾಡಬಾರದಿತ್ತು. ಹೊರಗಿನವರ ಕಡೆ ತಗೊಂಡಿದ್ರ ಬೈದು ಕೇಳಬಹುದಿತ್ತು” ಎಂದನು. ನನ್ನ ಮನೆಯವರು ಉತ್ತರ ಕೊಡಲಿಲ್ಲ. ಬೈಲಹೊಂಗಲದಲ್ಲಿರುವ ಅಕ್ಕನೊಡನೆ ದಿನವೂ ಸಂಜೆ ಫೋನಿನಲ್ಲಿ ಮಾತನಾಡುವುದು ಅವರ ನೇಮ. ಅದು ನಿಂತುಹೋಯಿತು. ನಾಲ್ಕನೆಯ ದಿನ ಅಕ್ಕನೇ ಫೋನು ಮಾಡಿದಾಗ, “ಕೈಯಾಗ ಕೆಲಸ ಐತಿ” ಎಂದು ಕೆಳಗಿಟ್ಟರು. ಕೈಯಲ್ಲಿ ಯಾವ ಕೆಲಸವೂ ಇರಲಿಲ್ಲ. ಗಾಡಿಗೆ ಕೊಟ್ಟ ಹಣಕ್ಕಿಂತ ಹೆಚ್ಚಿನದೊಂದು ಕೈಬಿಡುತ್ತಿದೆಯೆಂದು ನನಗೆ ಅನಿಸಿದ್ದು ಆಗ.

ಬಾಲ್ಯದಲ್ಲಿ ನಾನು ಓದಿದ್ದು ಮಠದ ಪಾಠಶಾಲೆಯಲ್ಲಿ. ಕೇಶಿರಾಜನ ಶಬ್ದಮಣಿದರ್ಪಣದ ಪಾಠ ನಡೆಯುವಾಗ ನಮ್ಮ ಗುರುಗಳು ಶಬ್ದದ ಅರ್ಥವನ್ನು ಮೊದಲು ಕೇಳುತ್ತಿರಲಿಲ್ಲ. ಧ್ವನಿ ಎಲ್ಲಿ ಹುಟ್ಟಿತು, ಕಂಠದಲ್ಲಿಯೋ ತಾಲುವಿನಲ್ಲಿಯೋ, ಎಷ್ಟು ಹೊತ್ತು ನಿಂತಿತು, ಹ್ರಸ್ವವೋ ದೀರ್ಘವೋ ಎಂದು ಕೇಳುತ್ತಿದ್ದರು. ಸ್ಥಾನವೂ ಕಾಲವೂ ತಿಳಿದ ಮೇಲೆಯೇ ಅರ್ಥದ ವಿಚಾರ. ಮಗನಿಗೂ ಸೊಸೆಗೂ ಅದನ್ನೇ ಹೇಳಿದೆನು: ಯಾರನ್ನೂ ಏನೂ ಅನ್ನಬೇಡಿರಿ, ಹದಿನೈದು ದಿನ ಸಪ್ಪಳಗಳನ್ನು ಬರೆದಿಡಿರಿ. ಮಗನು ನಕ್ಕು ಸುಮ್ಮನಾದನು. ಸೊಸೆ ಮಾತ್ರ ಹಾಲಿನ ಲೆಕ್ಕದ ಹಳೆಯ ವಹಿಯಲ್ಲಿ ಗೆರೆ ಎಳೆದು ದಿನ, ಹೊತ್ತು, ಗಾಡಿ ನಿಂತಿತ್ತೋ ನಡೆದಿತ್ತೋ, ಸಪ್ಪಳ ಮುಂದಿನದೋ ಹಿಂದಿನದೋ ಎಂಬುದನ್ನು ಬರೆಯತೊಡಗಿದಳು.

ಆ ದಿನಗಳಲ್ಲಿಯೇ ಕಾರವಾರದ ಮಗಳ ಮನೆಗೆ ಹೋಗುವ ಪ್ರಸಂಗ ಬಂದಿತು. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ, ಮಗನ ಕಾಲು ಆಕ್ಸಿಲರೇಟರಿನ ಮೇಲೆ ಇರದಿದ್ದರೂ ಇಂಜಿನ್ ಏಕಾಏಕಿ ಆರ್ಭಟಿಸಿತು. ಇಳಿಜಾರಿನಲ್ಲಿ ಏರಿನ ಕೂಗು! ನನ್ನ ಮನೆಯವರು ಕೈಯಲ್ಲಿದ್ದ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಘಟ್ಟದ ಬುಡಕ್ಕೆ ಬಂದ ಸ್ವಲ್ಪ ಹೊತ್ತಿನಲ್ಲಿ ಗಾಡಿ ತಾನೇ ಶಾಂತವಾಯಿತು. ಸೊಸೆ ಅದನ್ನೂ ವಹಿಯಲ್ಲಿ ಬರೆದಳು.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1947ರಲ್ಲಿ ಆರಂಭವಾದ ಬಿ. ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಅಲ್ಲಿ ಯಂತ್ರಶಾಸ್ತ್ರ ಕಲಿಸಿ ನಿವೃತ್ತರಾದ ಹಿರಿಯರೊಬ್ಬರು ನನಗೆ ಬಹುಕಾಲದ ಪರಿಚಿತರು. ವಹಿಯನ್ನು ಅವರ ಮುಂದಿಟ್ಟೆವು. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. “ಅರ್ಧ ವೈದ್ಯಕಿ ನಿಮ್ಮ ಸೊಸಿನ ಮಾಡ್ಯಾಳ್ರೀ” ಎಂದರು. ಬಳಿಕ ಒಂದೊಂದನ್ನೇ ಬಿಡಿಸಿ ಹೇಳಿದರು.

ಮುಂಜಾನೆಯ ಗುರುಗುಟ್ಟುವಿಕೆ ರೋಗವಲ್ಲ. ಹೊಗೆಯ ವಿಷವನ್ನು ಶೋಧಿಸುವ ಸಾಧನವೊಂದು ಹೊಗೆ ಕೊಳವೆಯಲ್ಲಿದೆ. ಅದು ಕಾಯ್ದ ಮೇಲೆಯೇ ಕೆಲಸ ಮಾಡಬಲ್ಲದು. ಆದಕಾರಣ ತಣ್ಣಗಿರುವ ಇಂಜಿನ್ ಮೊದಲು ಬಿರುಸಾಗಿ ಓಡುತ್ತದೆ. ಸಿಗ್ನಲ್ಲಿನಲ್ಲಿ ತಾನಾಗಿ ಚಾಲೂ ಆಗುವುದು ಬ್ಯಾಟರಿಯ ಶಕ್ತಿ ಇಳಿದಾಗ ಅದನ್ನು ತುಂಬಲು. ಏರಿನ ಕೂಗಿಗೆ ಕಾರಣ, ಇಂಥ ಗಾಡಿಯಲ್ಲಿ ಒಂದು, ಎರಡು, ಮೂರು ಎಂಬ ಗೇರುಗಳೇ ಇಲ್ಲದಿರುವುದು. ಇಂಜಿನ್ ಮತ್ತು ಮೋಟಾರುಗಳ ಬಲವನ್ನು ಹಲ್ಲುಗಾಲಿಗಳ ಒಂದು ಸಮೂಹವು ಕೂಡಿಸುತ್ತದೆ, ಹಂಚುತ್ತದೆ. ಹೀಗಾಗಿ ಇಂಜಿನ್ನಿನ ವೇಗಕ್ಕೂ ಗಾಲಿಯ ವೇಗಕ್ಕೂ ನಾವು ಹಳೆಯ ಗಾಡಿಗಳಲ್ಲಿ ಕಂಡ ನೇರ ಸಂಬಂಧವಿಲ್ಲ. ಇಂಜಿನ್ನಿನ ರೀತಿಯೂ ತುಸು ಬೇರೆ. ಇಂಗ್ಲೆಂಡಿನ ಜೇಮ್ಸ್ ಅಟ್ಕಿನ್ಸನ್ 1882ರಲ್ಲಿ ಕಂಡುಹಿಡಿದ ಕ್ರಮವನ್ನು ಅನುಸರಿಸಿ, ಒಳಗೆಳೆದ ಗಾಳಿಯನ್ನು ಒತ್ತುವುದು ಕಡಿಮೆ, ಉರಿದ ಅನಿಲವು ಹಿಗ್ಗುವುದು ಹೆಚ್ಚು ಆಗುವಂತೆ ಅದನ್ನು ರೂಪಿಸಿರುತ್ತಾರೆ. ಬಲ ಸ್ವಲ್ಪ ಕಡಿಮೆಯಾದರೂ ಇಂಧನ ಉಳಿಯುತ್ತದೆ. ಕೊರತೆಯಾದ ಬಲವನ್ನು ಮೋಟಾರು ತುಂಬಿಕೊಡುತ್ತದೆ. ಅದರ ಮೇಲೆ ಮೂರೇ ಸಿಲಿಂಡರಿನ ಇಂಜಿನ್ ಇದ್ದರೆ, ನಾಲ್ಕು ಸಿಲಿಂಡರಿನ ನಾದಕ್ಕೆ ಒಗ್ಗಿದ ಕಿವಿಗೆ ಅದು ಒರಟೆನಿಸುತ್ತದೆ.

ಘಟ್ಟದ ಆರ್ಭಟದ ಕಾರಣ ಕೇಳಿ ನಮಗೆ ಆಶ್ಚರ್ಯವಾಯಿತು. ಇಳಿಯುವಾಗ ಮೋಟಾರು ಡೈನಮೋ ಆಗಿ ತಿರುಗಿ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ತುಂಬುತ್ತದೆ. ಇಳಿಜಾರು ಉದ್ದವಾದಾಗ ಬ್ಯಾಟರಿ ತುಂಬಿಹೋಗುತ್ತದೆ. ಮುಂದೆ ಬಂದ ಶಕ್ತಿಗೆ ಸ್ಥಳವಿಲ್ಲ. ಆಗ ಗಾಡಿಯು ಪೆಟ್ರೋಲು ಹಾಕದೆಯೇ ಇಂಜಿನ್ನನ್ನು ತಿರುಗಿಸಿ ಆ ಶಕ್ತಿಯನ್ನು ಕಳೆಯುತ್ತದೆ. ಬ್ರೇಕುಗಳ ಭಾರ ಅಷ್ಟು ಹಗುರಾಗುತ್ತದೆ. ನಾವು ಅಪಾಯವೆಂದು ಹೆದರಿದ್ದು ಗಾಡಿಯು ನಮ್ಮನ್ನು ಕಾಯುತ್ತಿದ್ದ ಸಪ್ಪಳ.

ನಿಧಾನವಾಗಿ ನಡೆಯುವಾಗ ಕೇಳುವ ಸಣ್ಣ ಗುಂಯ್‌ಗುಡುವಿಕೆಯನ್ನೂ ಸೊಸೆ ಬರೆದಿದ್ದಳು. ಅದು ಉದ್ದೇಶಪೂರ್ವಕವಾಗಿ ಮಾಡಿದ ಶಬ್ದವಂತೆ. ಬ್ಯಾಟರಿಯ ಮೇಲೆ ನಡೆವ ಗಾಡಿ ಹತ್ತಿರ ಬಂದರೂ ನಡೆಯುವವರಿಗೆ ತಿಳಿಯದು. ಅದಕ್ಕಾಗಿ ಎಚ್ಚರಿಕೆಯ ಧ್ವನಿ. ಯುರೋಪಿನ ದೇಶಗಳಲ್ಲಿ 2021ರ ಜುಲೈಯಿಂದ ಹೊಸ ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳೆಲ್ಲಕ್ಕೂ ಇದು ಕಡ್ಡಾಯ. ಇದನ್ನು ಕೇಳಿದಾಗ ನನಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ನೆನಪಾಯಿತು. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅಂಧ ಮಕ್ಕಳಿಗೆ ನಾದವನ್ನೇ ಬದುಕಿನ ಆಸರೆಯಾಗಿ ಕೊಟ್ಟ ಸ್ಥಳವದು. ಕಣ್ಣಿಲ್ಲದವರು ರಸ್ತೆಯನ್ನು ಕಿವಿಯಿಂದಲೇ ಕಾಣುತ್ತಾರೆ. ಅಂಥವರ ಎದುರಿಗೆ ನಿಶ್ಶಬ್ದವಾಗಿ ಬರುವ ಗಾಡಿಗಿಂತ ಸಪ್ಪಳ ಮಾಡುವ ಗಾಡಿಯೇ ಸಭ್ಯವಾದುದು. ಕಿರಿಕಿರಿಯೆಂದು ಆ ಧ್ವನಿಯನ್ನು ತೆಗೆಸಿಹಾಕಲು ಯಾರೂ ಹೋಗಬಾರದು.

ವಹಿಯಲ್ಲಿದ್ದ ಒಂದು ಸಪ್ಪಳ ಮಾತ್ರ ಕೊರತೆಯೇ ಆಗಿತ್ತು. ಹಿಂದಿನ ಆಸನದ ಬಳಿಯ ಭರ್ ಎಂಬುದು ಬ್ಯಾಟರಿಯನ್ನು ತಂಪಿಡುವ ಪಂಖದ್ದು. ಆ ಪಂಖವು ಗಾಡಿಯ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಗಾಳಿ ಹೋಗುವ ಜಾಳಿಗೆಯಲ್ಲಿ ಧೂಳು, ಕೂದಲು, ಬಟ್ಟೆಯ ಎಳೆ ಕಟ್ಟಿಕೊಂಡಿದ್ದವು. ಮೇಲಾಗಿ ನಾವೇ ಅದರ ಮೇಲೊಂದು ಕಂಬಳಿ ಮಡಚಿ ಇಡುತ್ತಿದ್ದೆವು. ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ಜಾಳಿಗೆಯನ್ನು ಸ್ವಚ್ಛ ಮಾಡಿಸಿದ ಮೇಲೆ ಸಪ್ಪಳ ಅಡಗಿತು. ಇಂಜಿನ್ ಬಿಚ್ಚುವ ಮಾತು ಅಲ್ಲಿಗೇ ಮುಗಿಯಿತು. ಅದನ್ನು ಹಾಗೆಯೇ ಬಿಟ್ಟಿದ್ದರೆ ಬ್ಯಾಟರಿ ಕಾಯ್ದು ಅದರ ಆಯುಷ್ಯ ಕಡಿಮೆಯಾಗುತ್ತಿತ್ತೆಂದು ಆ ಹಿರಿಯರು ಎಚ್ಚರಿಸಿದರು.

ಅವರು ಇನ್ನೂ ಕೆಲವು ಮಾತು ಹೇಳಿದರು. ಹಳೆಯ ಹೈಬ್ರಿಡ್ ಗಾಡಿ ಕೊಳ್ಳುವ ಬಂಧುಗಳಿಗೆ ಅವು ಉಪಯುಕ್ತವಾದಾವು. ಮುಂಜಾನೆಯ ಚಾಲೂವಿನಲ್ಲಿ ಇಂಜಿನ್ ಗಡಗಡ ನಡುಗಿ ಸುತ್ತಿಗೆಯಿಂದ ಬಡಿದಂತೆ ಸದ್ದು ಮಾಡಿದರೆ, ಜೊತೆಗೆ ತಂಪಿನ ದ್ರವವಾದ ಕೂಲಂಟ್ ಹೊರಗೆ ಸೋರದಿದ್ದರೂ ಕಡಿಮೆಯಾಗುತ್ತಿದ್ದರೆ, ಅದು ನಿಜವಾದ ರೋಗ, ತಡಮಾಡಬಾರದು. ಮುಂದಿನ ಫಲಕದಲ್ಲಿ ಕೆಂಪು ದೀಪ ಹೊತ್ತಿದರೆ ಗಾಡಿಯನ್ನು ನಿಲ್ಲಿಸಬೇಕು. ಕಿತ್ತಳೆ ಬಣ್ಣದ ಹೊದಿಕೆಯ ವಿದ್ಯುತ್ ತಂತಿಗಳನ್ನು ಸಾಮಾನ್ಯ ಮಿಸ್ತ್ರಿಗಳು ಮುಟ್ಟಬಾರದು. ಅವುಗಳಲ್ಲಿ ಹರಿಯುವ ವಿದ್ಯುತ್ತು ಪ್ರಾಣಾಂತಿಕ. ಕೊಳ್ಳುವ ಮುನ್ನ ಸರ್ವೀಸಿನ ದಾಖಲೆಗಳನ್ನೂ ಬ್ಯಾಟರಿಯ ವಾರಂಟಿ ಹೊಸ ಮಾಲಕರ ಹೆಸರಿಗೆ ಬರುವುದೋ ಇಲ್ಲವೋ ಎಂಬುದನ್ನೂ ಕೇಳಿ ತಿಳಿಯಬೇಕು.

ಮಗನು ಆ ರಾತ್ರಿಯೇ ಬೆಂಗಳೂರಿಗೆ ಫೋನು ಮಾಡಿ ಅಣ್ಣನೊಡನೆ ಬಹಳ ಹೊತ್ತು ಮಾತನಾಡಿದನು. ತನ್ನ ಮೇಲೆ ಸಂಶಯ ಬಂದಿತ್ತೆಂಬುದು ಅವನಿಗೆ ತಿಳಿದಿರಲಿಲ್ಲ. ತಿಳಿಸುವ ಅಗತ್ಯವೂ ಬೀಳಲಿಲ್ಲ. ಅತ್ತ ಅಡುಗೆಮನೆಯಲ್ಲಿ ನನ್ನ ಮನೆಯವರು ಬೈಲಹೊಂಗಲದ ಅಕ್ಕನೊಡನೆ ಹದಿನೈದು ದಿನಗಳ ಬಾಕಿ ಮಾತನ್ನು ತೀರಿಸುತ್ತಿದ್ದರು. ನಂಟಸ್ತಿಕೆಯಲ್ಲಿ ಆಡಿಬಿಟ್ಟ ಮಾತನ್ನು ಯಾವ ಸರ್ವೀಸ್ ಕೇಂದ್ರವೂ ಸರಿಪಡಿಸಲಾರದು. ಒಳಗೆ ಏನೋ ಸಪ್ಪಳ ಕೇಳಿತೆಂದು ಮನುಷ್ಯನನ್ನು ದೂರುವ ಮೊದಲು, ಅದು ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು ಎಂದು ವಿಚಾರಿಸುವಷ್ಟು ತಾಳ್ಮೆ ನಮ್ಮ ಮನೆಗಳಲ್ಲಿ ಉಳಿಯಲಿ.