ದಕ್ಷಿಣೇಶ್ವರದ ಬೊಂಟಿಯೂ ನಮ್ಮ ಈಳಿಗೆಮಣೆಯೂ

ಕಲ್ಕತ್ತೆಗೆ ಹೋದ ಕನ್ನಡಿಗರಲ್ಲಿ ದಕ್ಷಿಣೇಶ್ವರವನ್ನು ನೋಡದೆ ಹಿಂತಿರುಗುವವರು ವಿರಳ. ಊರಿನ ಉತ್ತರಕ್ಕೆ, ಗಂಗೆಯ ಪೂರ್ವದಂಡೆಯ ಮೇಲೆ, ರಾಣಿ ರಾಸಮಣಿ ಕಟ್ಟಿಸಿದ ಒಂಬತ್ತು ಶಿಖರಗಳ ಕಾಳಿಕಾಮಂದಿರವಿದೆ, ಪ್ರತಿಷ್ಠೆಯಾದುದು 1855ರಲ್ಲಿ. 2021ರಿಂದ ಮೆಟ್ರೋ ರೈಲೇ ಅಲ್ಲಿಯವರೆಗೆ ಹೋಗುತ್ತದೆ. ದೇವಿಯ ದರ್ಶನ, ಹನ್ನೆರಡು ಶಿವಾಲಯಗಳು, ಪರಮಹಂಸರ ಕೊಠಡಿ, ಇವನ್ನು ಎಲ್ಲರೂ ನೋಡುತ್ತಾರೆ. ಅಡಿಗೆಮನೆಯ ಜವಾಬ್ದಾರಿ ಹೊತ್ತವರು ನಹಬತ್ತಿನ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.

ನಹಬತ್ತೆಂದರೆ ವಾದ್ಯದವರ ಮಂಟಪ. 1872ರಲ್ಲಿ ದಕ್ಷಿಣೇಶ್ವರಕ್ಕೆ ಬಂದ ಶಾರದಾದೇವಿಯವರು ಅನೇಕ ವರ್ಷ ಬಾಳಿದ್ದು ಅದರ ಕೆಳಗಿನ ಕಿರುಕೋಣೆಯಲ್ಲಿ. ಐವತ್ತು ಚದರಡಿಯೂ ಇಲ್ಲದ ಜಾಗ! ಪರಮಹಂಸರಿಗೂ ಬಂದ ಭಕ್ತರಿಗೂ ಅಡಿಗೆಯಾಗುತ್ತಿದ್ದುದು ಅಲ್ಲಿಯೇ. ನಿಂತು ಅಡಿಗೆಮಾಡುವ ಕಟ್ಟೆಗೆ ಅಲ್ಲಿ ಎಡೆಯೆಲ್ಲಿ? ಕುಳಿತು ಮಾಡುವವರಿಗೆ ಒಂದು ಮಣೆಯಗಲ ನೆಲ ಸಾಕು.

ಹಾಗೆ ಕುಳಿತು ಹೆಚ್ಚುವವರಿಗಾಗಿಯೇ ಹುಟ್ಟಿದ್ದು ಬಂಗಾಳದ ಬೊಂಟಿ. ಮರದ ಹಲಗೆಯಿಂದ ಮೇಲೆದ್ದ ಬಾಗಿದ ಅಲಗು, ಅದರ ಬಾಯಿ ನಮ್ಮ ಕಡೆಗೆ. ಹಲಗೆಯನ್ನು ಕಾಲಿನಿಂದ ಒತ್ತಿ, ಕಾಯನ್ನು ಎರಡು ಕೈಯಲ್ಲೂ ಹಿಡಿದು ಅಲಗಿಗೆ ಒಡ್ಡಬೇಕು. ನೋಡಿದ ಕೂಡಲೇ, “ಇದು ನಮ್ಮ ಈಳಿಗೆಮಣೆಯೇ ಅಲ್ಲವೆ!” ಎನ್ನುತ್ತೀರಿ. ದಕ್ಷಿಣ ಕನ್ನಡದವರಾದರೆ ಮೆಟ್ಟುಕತ್ತಿ ಎಂದಾರು.

ದಕ್ಷಿಣೇಶ್ವರದಲ್ಲಿ ಕಾಳಿಯ ನೈವೇದ್ಯಕ್ಕೆ ಮೀನು ಉಂಟು. ಅದೇ ಅಂಗಳದ ರಾಧಾಕಾಂತನಿಗೆ ಇಲ್ಲ. ಬಂಗಾಳದ ಸಂಪ್ರದಾಯಸ್ಥರ ಮನೆಗಳಲ್ಲಿಯೂ ಮೀನಿಗೆ ಬೇರೆ, ತರಕಾರಿಗೆ ಬೇರೆ ಬೊಂಟಿ. ಮೀನಿನದಕ್ಕೆ ಆಂಶ್ ಬೊಂಟಿ ಎಂದು ಹೆಸರು. ಆಚಾರದ ಮಾತು ಹಾಗಿರಲಿ. ಹಸಿ ಮೀನಿನ ಕತ್ತಿಯನ್ನು ಹಸಿಯಾಗಿ ತಿನ್ನುವ ಸೌತೆಕಾಯಿಗೆ ಮುಟ್ಟಿಸಬಾರದೆಂದು ಇಂದಿನ ವೈದ್ಯರೂ ಹೇಳುತ್ತಾರೆ.

ಈಗ ಕೊಳ್ಳುವ ಮಾತು. ಅಂಗಡಿಯಲ್ಲಿ ಹೊಳಪಿಗೆ ಮರುಳಾಗಬೇಡಿ. ಮಣೆಯನ್ನು ನೆಲದಲ್ಲಿಟ್ಟು ಕಾಲಿನಿಂದ ಒತ್ತಿ ನೋಡಿ, ಅಲುಗಾಡಬಾರದು. ಅಲಗು ಮರಕ್ಕೆ ಕೂಡಿದ ಕಡೆ ಸಡಿಲವಿರಬಾರದು. ಕಬ್ಬಿಣದ ಅಲಗು ಬೇಗ ಹರಿತವಾಗುತ್ತದೆ, ಆದರೆ ತೊಳೆದೊಡನೆ ಒರಸದಿದ್ದರೆ ತುಕ್ಕು. ಹುಳಿ ತಗಲಿದರೆ ಕಪ್ಪಾಗುತ್ತದೆ. ತುಕ್ಕಿನ ಚಿಂತೆ ಬೇಡವೆನ್ನುವವರು ಸ್ಟೇನ್‌ಲೆಸ್ ಸ್ಟೀಲಿನದನ್ನು ಕೊಳ್ಳಲಿ. ಮಕ್ಕಳಿರುವ ಮನೆಗೆ ಅಲಗನ್ನು ಮಡಿಸಿಡುವಂಥದೇ ಕ್ಷೇಮ. ನಿಂತು ಹೆಚ್ಚುವವರಿಗೆ ಆರರಿಂದ ಎಂಟು ಅಂಗುಲದ ಒಂದು ಚಾಕು, ಸಿಪ್ಪೆ ತೆಗೆಯಲು ಒಂದು ಚಿಕ್ಕದು, ಒಂದು ಮರದ ಹಲಗೆ, ಒಂದು ಸಾಣೆಕಲ್ಲು, ಇಷ್ಟು ಸಾಕು. ಹತ್ತು ಚಾಕುಗಳ ಪೆಟ್ಟಿಗೆಗೆ ಹಣ ಸುರಿಯುವುದಕ್ಕಿಂತ ಇರುವ ಎರಡನ್ನು ಹರಿತವಾಗಿಡುವುದು ಲೇಸು. ಮೊಂಡು ಕತ್ತಿ ಜಾರಿ ಬೆರಳಿಗೆ ಬರುತ್ತದೆ. ವಿಮಾನದಲ್ಲಿ ತರುವವರು ಅದನ್ನು ಕೈಚೀಲದಲ್ಲಿಡದೆ, ದಪ್ಪ ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಕು.

ಕೊನೆಗೊಂದು ವಿನಂತಿ. ಪರಊರಿನ ನಮ್ಮ ಫ್ಲಾಟುಗಳಲ್ಲಿ ಅಡಿಗೆಯ ಕಟ್ಟೆ ಮೇಲೇರಿದೆ, ಈಳಿಗೆಮಣೆ ಅಟ್ಟ ಸೇರಿದೆ. ಅದರೊಡನೆ ಮನೆಯ ಹಿರಿಯರ ಕೈಗೂ ಕೆಲಸ ತಪ್ಪಿತು. ಮದುವೆಯ ಹಿಂದಿನ ರಾತ್ರಿ ಸಾಲಾಗಿ ಕುಳಿತು ಮಣಗಟ್ಟಲೆ ಕುಂಬಳಕಾಯಿ ಹೆಚ್ಚಿದ ಕೈಗಳವು! ಊರಿನಿಂದ ಬಂದ ಅತ್ತೆಯೋ ಅಜ್ಜಿಯೋ ಹೊಸ ಚಾಕನ್ನು ಹಿಡಿಯಲು ಹಿಂಜರಿದರೆ, ಅದು ಅಸಾಮರ್ಥ್ಯವಲ್ಲ. ಉಪಕರಣ ಅವರದಲ್ಲ, ಅಷ್ಟೆ. ಮಂಡಿನೋವಿಲ್ಲದೆ ನೆಲದಲ್ಲಿ ಕುಳಿತುಕೊಳ್ಳಬಲ್ಲವರಾದರೆ ಈಳಿಗೆಮಣೆಯನ್ನು ಕೆಳಗಿಳಿಸಿ ಕೊಡಿ. ಹುರುಳಿಕಾಯಿ ಸಣ್ಣಗೆ, ಒಂದೇ ಸಮನಾಗಿ ಬೀಳುವುದನ್ನು ಸೊಸೆಯಂದಿರೂ ಮೊಮ್ಮಕ್ಕಳೂ ಪಕ್ಕದಲ್ಲಿ ಕುಳಿತು ನೋಡಲಿ. ಕತ್ತಿಯನ್ನು ಆರಿಸುವಾಗ ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಅದನ್ನು ಹಿಡಿಯುವವರು ಯಾರೆಂಬುದನ್ನು.