ತಂತಿಯ ತವರೂರು

ಇಟಲಿ ದೇಶದ ಪೂರ್ವ ಕರಾವಳಿಯಲ್ಲಿರುವ ಪೆಸ್ಕಾರ ಪಟ್ಟಣದಿಂದ ರೋಮಿನ ಕಡೆಗೆ ಹೋಗುವ ರೈಲನ್ನು ಹತ್ತಿ, ಸ್ಕಾಫಾ ಎಂಬ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ನಾವು ದಕ್ಷಿಣದ ಬೆಟ್ಟದ ದಾರಿಯನ್ನು ಹಿಡಿದೆವು. ಒಂದು ಕಡೆ ಮಯೆಲ್ಲಾ ಪರ್ವತ, ಇನ್ನೊಂದು ಕಡೆ ಮೊರ್ರೋನೆ ಪರ್ವತ. ನಡುವೆ ಓರ್ತಾ ನದಿಯ ಆಳವಾದ ಕಣಿವೆ. ಈ ಕಣಿವೆಯ ಮೇಲ್ಗಡೆ ಸಾಲ್ಲೆ ಎಂಬ ಸಣ್ಣ ಗ್ರಾಮವುಂಟು. ಈಗ ಅಲ್ಲಿ ವಾಸಿಸುವವರು ಕೆಲವು ನೂರು ಜನ ಮಾತ್ರ. ಆದರೂ ಜಗತ್ತಿನ ನಾನಾ ದೇಶಗಳಲ್ಲಿ ಗಿಟಾರು ನುಡಿಸುವವರ ಬೆರಳುಗಳಿಗೂ ಈ ಕುಗ್ರಾಮಕ್ಕೂ ಇರುವ ಸಂಬಂಧವನ್ನು ತಿಳಿದರೆ ವಾಚಕರಿಗೆ ಆಶ್ಚರ್ಯವಾಗದೆ ಇರದು.

ಈ ಊರಿನ ಜನರು ತಲೆತಲಾಂತರದಿಂದ ವಾದ್ಯದ ತಂತಿಗಳನ್ನು ಮಾಡುತ್ತಿದ್ದವರು. ತಂತಿಯೆಂದೊಡನೆ ನಮಗೆ ವೀಣೆಯ ಲೋಹದ ತಂತಿ ನೆನಪಿಗೆ ಬರುವುದಷ್ಟೆ. ಸಾಲ್ಲೆಯವರದು ಕುರಿಯ ಕರುಳಿನ ತಂತಿ. ಕೆಲವರಿಗೆ ಇದು ಹೇಸಿಗೆಯೆನಿಸಬಹುದು. ಆದರೆ ಅದರಲ್ಲಿ ಅಡಗಿದ್ದ ಜಾಣ್ಮೆ ಸಾಮಾನ್ಯವಾದುದಲ್ಲ. ಕರುಳು ಕೊಳೆಯುವುದಕ್ಕೆ ಮೊದಲೇ ಅದನ್ನು ತೊಳೆದು, ಕ್ಷಾರದ ನೀರಿನಲ್ಲಿ ನೆನೆಸಿ, ಕೊಬ್ಬನ್ನೆಲ್ಲ ಹೆರೆದು ತೆಗೆಯಬೇಕು. ಹಲವು ಎಳೆಗಳನ್ನು ಕೂಡಿಸಿ ಹೊಸೆದು, ಚೌಕಟ್ಟಿಗೆ ಬಿಗಿದು, ಗಂಧಕದ ಹೊಗೆಯಿಂದ ಬಿಳುಪುಮಾಡಿ, ಒಣಗಿಸಿ, ಉಜ್ಜಿ ನುಣುಪುಗೊಳಿಸಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾದರೆ ಶ್ರುತಿ ಕೂಡದು. ಆದುದರಿಂದ ಈ ವಿದ್ಯೆಯು ಪುಸ್ತಕದಿಂದ ಬರುವಂಥದಲ್ಲ. ತಂದೆಯ ಬೆರಳಿನಿಂದ ಮಗನ ಬೆರಳಿಗೆ ಇಳಿದು ಬರತಕ್ಕದ್ದು.

ಇಂತಹ ಮನೆತನಗಳಲ್ಲಿ ಡಡ್ಡಾರಿಯೊ ಎಂಬುದೊಂದು. 1680ರ ಜ್ಞಾನಸ್ನಾನದ ದಾಖಲೆಯೊಂದರಲ್ಲಿ ದೊನಾತೊ ಡಡ್ಡಾರಿಯೊ ಎಂಬಾತನನ್ನು ತಂತಿ ಮಾಡುವವನೆಂದೇ ಬರೆದಿರುವುದು. ಆದರೆ ಈ ಸೀಮೆಯ ನೆಲವು ನಂಬತಕ್ಕದ್ದಲ್ಲ. 1905ರ ಭೂಕಂಪದ ತರುವಾಯ ರೊಕ್ಕೊ ಮತ್ತು ಕಾರ್ಮಿನೆ ಎಂಬ ಭಾವಮೈದುನರು ಊರು ಬಿಟ್ಟು ಅಮೆರಿಕಕ್ಕೆ ಹಡಗು ಹತ್ತಿದರೆಂದು ಮನೆತನದವರು ಹೇಳುವರು. ಮುಂದೆ 1915ರಲ್ಲಿಯೂ 1933ರಲ್ಲಿಯೂ ಭೂಮಿಯು ಮತ್ತೆ ನಡುಗಿತು. ಕಡೆಗೆ ಜನರು ಹಳೆಯ ಸಾಲ್ಲೆಯನ್ನು ತೊರೆದು, ಬೇರೆ ಜಾಗದಲ್ಲಿ ಹೊಸ ಊರನ್ನು ಕಟ್ಟಿಕೊಂಡರು. ಹಳೆಯ ಊರಿನಲ್ಲಿ ಈಗ ಒಂದು ಕೋಟೆಯನ್ನು ಕಾಣಬಹುದು. ತಂತಿಗಾರರ ಮನೆಗಳ ಸದ್ದು ಅಡಗಿ ಬಹು ಕಾಲವಾಯಿತು.

ಕಥೆಯ ಉತ್ತರಾರ್ಧವನ್ನು ಅರಿಯಬೇಕಾದರೆ ಅಟ್ಲಾಂಟಿಕ್ ಸಾಗರವನ್ನು ದಾಟಬೇಕು. ಭಾವಮೈದುನರು ನ್ಯೂಯಾರ್ಕಿನ ಆಸ್ಟೋರಿಯಾ ಎಂಬ ಭಾಗದಲ್ಲಿ ನೆಲೆಸಿ, ಊರಿನಲ್ಲಿ ಬಂಧುಗಳು ಮಾಡಿದ ತಂತಿಗಳನ್ನು ತರಿಸಿ ಮಾರುತ್ತಿದ್ದರು. ಕೆಲವು ವರ್ಷಗಳಲ್ಲಿ ರೊಕ್ಕೊ ಸ್ವದೇಶಕ್ಕೆ ಹಿಂದಿರುಗಿದನು. ಚಾರ್ಲ್ಸ್ ಎಂದು ಹೆಸರಾದ ಕಾರ್ಮಿನೆಯು ಅಲ್ಲಿಯೇ ಉಳಿದು, ಮನೆಯ ಹಿಂದಿನ ಸಣ್ಣ ಕೊಟ್ಟಡಿಯಲ್ಲಿ ತಾನೇ ಕರುಳು ಹೊಸೆಯಲು ತೊಡಗಿದನು.

ಕಾಲವು ಬದಲಾದಂತೆ ಪದಾರ್ಥವೂ ಬದಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕರುಳೆಲ್ಲವೂ ಗಾಯಗಳನ್ನು ಹೊಲಿಯುವುದಕ್ಕೆ ಬೇಕಾಗಿ, ವಾದ್ಯಗಾರರಿಗೆ ತಂತಿಯ ಅಭಾವವುಂಟಾಯಿತು. ಯುದ್ಧ ಮುಗಿದ ಬಳಿಕ, 1947ರಲ್ಲಿ, ಡುಪಾಂಟ್ ಕಂಪನಿಯ ನೈಲಾನ್ ಎಳೆಗಳು ಈ ಮನೆತನದವರ ಕೈಗೆ ಬಂದುವು; ಅವರು ಹಿಂಜರಿಯದೆ ಅದನ್ನು ಪರೀಕ್ಷಿಸಿದರು. ವಿದ್ಯುತ್ ಗಿಟಾರು ಬಂದಾಗ ನೈಲಾನೂ ಸಾಲದಾಯಿತು. ಅಲ್ಲಿ ತಂತಿಯ ಅಲುಗಾಟವನ್ನು ಗ್ರಹಿಸುವುದು ಅಯಸ್ಕಾಂತ; ಅದಕ್ಕೆ ಉಕ್ಕೇ ಬೇಕು. ಇನ್ನು ಬೇಸ್ ಗಿಟಾರಿನ ಸಮಸ್ಯೆಯೇ ಬೇರೆ. ಅದರ ಅತಿ ಮಂದ್ರ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸತಕ್ಕದ್ದು. ಹಾಗೆ ಕಂಪಿಸಲು ತಂತಿಯು ಭಾರವಾಗಿರಬೇಕು. ಬರಿಯ ಸಲಾಕೆಯಂತೆ ದಪ್ಪವಾದರೆ ಬಾಗದು. ಆದುದರಿಂದ ಆರು ಮೂಲೆಯ ಉಕ್ಕಿನ ಎಳೆಯ ಮೇಲೆ ಬೇರೊಂದು ತಂತಿಯನ್ನು ಒತ್ತೊತ್ತಾಗಿ ಸುತ್ತುವರು. ಮೂಲೆಗಳು ಆ ಸುತ್ತನ್ನು ಜಾರದಂತೆ ಹಿಡಿದಿಡುವುವು. ಕರುಳು ಹೋಯಿತು, ಸುತ್ತುವ ಯಂತ್ರ ಬಂದಿತು. ಆದರೆ ತಲೆಯಿಂದ ಬುಡದವರೆಗೆ ತಂತಿಯು ಒಂದೇ ಸಮನಾಗಿರಬೇಕೆಂಬ ಹಳೆಯ ಕಟ್ಟಳೆಯು ಮಾತ್ರ ಹೋಗಲಿಲ್ಲ.

ಇಷ್ಟೆಲ್ಲ ಮಾಡಿದರೂ ಈ ಮನೆತನದವರು ತಮ್ಮ ಹೆಸರನ್ನು ಸರಕಿನ ಮೇಲೆ ಮೆರೆಸಿರಲಿಲ್ಲ. 1969ರಲ್ಲಿ ಅವರ ಉದ್ಯಮವು ಮಾರ್ಟಿನ್ ಎಂಬ ಗಿಟಾರು ಕಂಪನಿಯ ವಶವಾಯಿತು. 1974ರಲ್ಲಿ ಅವರು ಅಲ್ಲಿಂದ ಬೇರ್ಪಟ್ಟು, ಡಡ್ಡಾರಿಯೊ ಎಂಬ ಹೆಸರಿನಿಂದಲೇ ಹೊಸ ಕಂಪನಿಯನ್ನು ಸ್ಥಾಪಿಸಿದರು. ದೊನಾತೊವಿನ ಹೆಸರು ದಾಖಲೆಯಲ್ಲಿ ಬರೆಯಲ್ಪಟ್ಟು ಆಗ್ಗೆ ಮುನ್ನೂರು ವರ್ಷಗಳಿಗೆ ಆರೇ ವರ್ಷ ಕಡಿಮೆ! ನ್ಯೂಯಾರ್ಕ್ ಸಂಸ್ಥಾನದ ಫಾರ್ಮಿಂಗ್‌ಡೇಲ್ ಎಂಬಲ್ಲಿ ಈಗ ಆ ಕಂಪನಿಯ ದೊಡ್ಡ ಕಾರ್ಖಾನೆಯು ನಡೆಯುತ್ತಿರುವುದು. ಅದೇ ಸಂಸ್ಥಾನದ ನ್ಯೂಬರ್ಗಿನಲ್ಲಿ ಲಾ ಬೆಲ್ಲಾ ತಂತಿಗಳನ್ನು ತಯಾರಿಸುವ ಮಾರಿ ಮನೆತನದ ಮೂಲವೂ ಸಾಲ್ಲೆಯೇ.

ನೆಲವು ಬಿರಿದರೆ ಮನೆಯನ್ನು ಹೊತ್ತೊಯ್ಯಲಾಗದು, ಹೊಲವನ್ನೂ ಒಯ್ಯಲಾಗದು. ಬೆರಳಿನಲ್ಲಿ ನೆಲೆಸಿದ ವಿದ್ಯೆಯೊಂದನ್ನು ಮಾತ್ರ ಒಯ್ಯಬಹುದು. ಹಾಗೆ ಒಯ್ದವರು ಬದುಕಿದರು, ವಿದ್ಯೆಯೂ ಬದುಕಿತು. ತವರೂರು ಮಾತ್ರ ಬರಿದಾಯಿತು; ಈ ಬೆಲೆಯನ್ನು ನಾವು ಮರೆಯಬಾರದು. ವಾಚಕರ ಮನೆಯ ಮಕ್ಕಳು ಗಿಟಾರಿಗೆ ಹೊಸ ತಂತಿಯನ್ನು ಬಿಗಿಯುವಾಗ, ಆ ಸಣ್ಣ ಸುರುಳಿಯಲ್ಲಿ ಒಂದು ಬೆಟ್ಟದ ಊರಿನ ಚರಿತ್ರೆಯೂ ಸುತ್ತಿಕೊಂಡಿರಬಹುದೆಂದು ಅವರಿಗೆ ತಿಳಿಸಿ ಹೇಳಬಹುದು.