ನೊಣವಲ್ಲದ ನೊಣ, ಊರಿನದಲ್ಲದ ಮೀನು

ಕೊಪ್ಪಳ ಜಿಲ್ಲೆಯ ಇರಕಲ್ಲಗಡದ ಕಡೆ ಮೀನು ಹಿಡಿಯಹೊರಟ ಹುಡುಗ ಗಾಳಕ್ಕೆ ಎರೆಹುಳ ಚುಚ್ಚುತ್ತಾನೆ, ದಾರಕ್ಕೆ ಜೋಳದ ದಂಟಿನ ಬೆಂಡು ಕಟ್ಟುತ್ತಾನೆ, ನೆರಳು ಹುಡುಕಿ ಕೂರುತ್ತಾನೆ. ಬೆಂಡು ಮುಳುಗಿದರೆ ಮೀನು, ಇಲ್ಲದಿದ್ದರೆ ಬರೀ ಬಿಸಿಲು. ಅದೇ ಹುಡುಗ ಬೇಸಿಗೆ ರಜೆಯಲ್ಲಿ ಅಪ್ಪ-ಅಮ್ಮನೊಡನೆ ಊಟಿಗೆ ಹೋಗಿ, ಅಲ್ಲಿಂದ 28 ಕಿ.ಮೀ. ದೂರದ ಅವಲಾಂಚಿಗೂ ಹೋದನೆನ್ನಿ. ಗಾಳ ಹಾಕುವ ಇನ್ನೊಂದು ವಿದ್ಯೆಯ ಕಥೆ ಕೇಳಿ ಬೆರಗಾಗುತ್ತಾನೆ. ಅಲ್ಲಿ ಹುಳುವಿಲ್ಲ, ಬೆಂಡಿಲ್ಲ, ಕೂರುವುದಂತೂ ಇಲ್ಲವೇ ಇಲ್ಲ.

ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟ ಹತ್ತಿದರೆ ನೀಲಗಿರಿ. ತಮಿಳುನಾಡಿನ ಜಿಲ್ಲೆಯಾದರೂ ಕನ್ನಡಿಗರಿಗೆ ಇಲ್ಲಿ ಪರದೇಶವೆನಿಸದು. ಬಡಗರ ಮಾತಿಗೂ ಕನ್ನಡಕ್ಕೂ ಹತ್ತಿರದ ನಂಟು. ಬಡಗಣ ದಿಕ್ಕಿನಿಂದ ಬಂದವರೆಂದು ಅವರ ಹೆಸರೇ ಹೇಳುತ್ತದೆ. ಚಹಾ ತೋಟಗಳು ಮುಗಿದ ಮೇಲೆ ಶೋಲಾ ಕಾಡು, ಹುಲ್ಲುಗಾವಲು. ಅವುಗಳ ಸಂದಿಯಿಂದ ಇಳಿಯುವ ತೊರೆಗಳು ಕುಂದಾ ಜಲವಿದ್ಯುತ್ ಯೋಜನೆಗಾಗಿ ಕಟ್ಟಿದ ಅವಲಾಂಚಿ, ಎಮರಾಲ್ಡ್ ಜಲಾಶಯಗಳನ್ನು ಸೇರುತ್ತವೆ. ಟ್ರೌಟ್ ಮೀನಿನ ಮನೆ ಇದೇ.

ಮನೆಯೆಂದರೂ ಬಾಡಿಗೆ ಮನೆ. ಟ್ರೌಟ್ ಇಲ್ಲಿಯದಲ್ಲ. ತಾಯ್ನಾಡಿನ ಗಾಳದ ಆಟಕ್ಕೆ ಹಾತೊರೆದ ಬ್ರಿಟಿಷರು ಅದನ್ನು ತಂದರು. 1860ರ ದಶಕದಲ್ಲಿ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಮಾಡಿದ ಯತ್ನ ಫಲಿಸಲಿಲ್ಲ. ಮುಂದೆ ಎಚ್.ಸಿ. ವಿಲ್ಸನ್ ಹಟ ಹಿಡಿದರು. 1907ರಲ್ಲಿ ಅವಲಾಂಚಿಯಲ್ಲಿ ಮೊಟ್ಟೆಯೊಡೆಸುವ ಕೇಂದ್ರ ಶುರುವಾಯಿತು. ಕಾಮನಬಿಲ್ಲಿನ ಹೆಸರು ಹೊತ್ತ ರೇನ್‌ಬೋ ಟ್ರೌಟ್ ಇಲ್ಲಿ ಬೇರೂರಿತು. ಇಂಥ ಕೇಂದ್ರಗಳಲ್ಲಿ ಹೆಣ್ಣುಮೀನಿನ ಹೊಟ್ಟೆಯನ್ನು ಹಗುರವಾಗಿ ಒತ್ತಿ ಮೊಟ್ಟೆ ತೆಗೆದು, ಗಂಡಿನ ವೀರ್ಯದೊಡನೆ ಬೆರೆಸಿ, ಹರಿಯುವ ತಣ್ಣೀರಿನ ತಟ್ಟೆಗಳಲ್ಲಿಡುತ್ತಾರೆ. ನೀರು 10 ಡಿಗ್ರಿ ಇದ್ದರೆ ಮರಿಯಾಗಲು ಸುಮಾರು ಒಂದು ತಿಂಗಳು ಬೇಕು.

ಈ ಮೀನು ಕೊಪ್ಪಳದ ಹಿರೇಹಳ್ಳದಲ್ಲೇಕೆ ಬದುಕದು? ವಿಜ್ಞಾನದ ಮೇಷ್ಟರು ಕೇಳಬಹುದಾದ ಪ್ರಶ್ನೆ. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಹೆಚ್ಚು ಆಮ್ಲಜನಕ ಕರಗುತ್ತದೆ. 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಎಂಟನ್ನೂ ಮುಟ್ಟದು. ನಮ್ಮ ಕೆರೆ ಮೀನುಗಳಿಗೆ ಅಷ್ಟೇ ಸಾಕು. ಟ್ರೌಟ್‌ಗೆ ಉಸಿರು ಕಟ್ಟುತ್ತದೆ.

ಇನ್ನು ಹಿಡಿಯುವ ವಿದ್ಯೆ. ಗಾಳದ ಮುಳ್ಳಿಗೆ ಹಕ್ಕಿಯ ಗರಿ, ಕೂದಲು, ಬಣ್ಣದ ನೂಲು ಸುತ್ತಿ ನೊಣ ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲ. ಎಸೆದರೆ ಗಾಳಿಗೆ ತೂರಿಹೋಗುವಂಥದ್ದು. ನಮ್ಮ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ದಾರಕ್ಕೇ ತೂಕ. ಚಾಟಿಯಂತೆ ಅದನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಅದೇ ನೊಣವನ್ನು ಹೊತ್ತೊಯ್ದು ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ಟ್ರೌಟ್ ಯಾವಾಗಲೂ ಹರಿವಿಗೆ ಎದುರಾಗಿ ನಿಂತು, ತೇಲಿಬರುವ ಹುಳುಗಳಿಗೆ ಕಾಯುತ್ತದೆ. ಆದ್ದರಿಂದ ಬೇಟೆಗಾರ ಅದರ ಬೆನ್ನ ಹಿಂದಿನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತಾನೆ. ನೆರಳು ಬಿದ್ದರೂ ಆಟ ಮುಗಿಯಿತು. ತೊರೆ ಸಣ್ಣದಾದಷ್ಟೂ ಕಷ್ಟ ಹೆಚ್ಚು: ಬೀಸಿದ ದಾರ ಹಿಂದಿನ ಪೊದೆಗೆ ಸಿಕ್ಕಿಹಾಕಿಕೊಳ್ಳುತ್ತದೆ, ಹಿಡಿದದ್ದು ಬರೀ ಎಲೆ.

ಆದರೆ ಈ ಅತಿಥಿ ಅಷ್ಟು ಸಾಧುವಲ್ಲ. ಹುಳು, ಗೊದಮೊಟ್ಟೆ, ಮರಿಮೀನು ಯಾವುದನ್ನೂ ಬಿಡದು. ಪರಸ್ಥಳದಲ್ಲಿ ಅತಿಹೆಚ್ಚು ಹಾವಳಿ ಮಾಡುವ 100 ಜೀವಿಗಳ ಜಾಗತಿಕ ಪಟ್ಟಿಯಲ್ಲಿ ರೇನ್‌ಬೋ ಟ್ರೌಟ್‌ನ ಹೆಸರಿದೆ. ಶೋಲಾ ತೊರೆಗಳ ಕಪ್ಪೆಗಳಲ್ಲಿ ಜಗತ್ತಿನ ಬೇರೆಲ್ಲೂ ಇರದ ಜಾತಿಗಳಿವೆ. ಅವುಗಳ ಗೊದಮೊಟ್ಟೆ ಬೆಳೆಯುವುದು ಇದೇ ನೀರಿನಲ್ಲಿ. ಶತಮಾನ ದಾಟಿದ ಅತಿಥಿಯನ್ನು ಓಡಿಸುವುದು ಸುಲಭವಲ್ಲ ನಿಜ. ಹೊಸ ತೊರೆಗಳಿಗೆ ಬಿಡದಿರುವುದಂತೂ ಕೈಯಲ್ಲೇ ಇದೆ. ಗಾಳಪ್ರಿಯರಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ಟ್ರೌಟ್‌ಗೂ ಇಲ್ಲಿ ನೆಮ್ಮದಿಯ ಬಾಳೇನಲ್ಲ. ನೀರು ಬೆಚ್ಚಗಾದರೆ ಕೇಡು, ಪ್ರವಾಹ ಬಂದು ಕಲ್ಲುಹರಳುಗಳ ನಡುವಿನ ಮೊಟ್ಟೆ ಕೊಚ್ಚಿಹೋದರೂ ಕೇಡು. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ ಸುಮಾರು 90 ಸೆಂ.ಮೀ. ಮಳೆ ಸುರಿಯಿತು. ಕೊಪ್ಪಳ ಜಿಲ್ಲೆಗೆ ಇಡೀ ವರ್ಷಕ್ಕೂ ಅಷ್ಟು ಬೀಳುವುದಿಲ್ಲ! ಹಿಂದೊಮ್ಮೆ ಆದ ಭಾರಿ ಭೂಕುಸಿತದಿಂದಲೇ ಈ ಜಾಗಕ್ಕೆ ಆ ಇಂಗ್ಲಿಷ್ ಹೆಸರು ಬಂದದ್ದು.

ಇದು ಕಾಯ್ದಿಟ್ಟ ಕಾಡು. ಅನುಮತಿಯಿಲ್ಲದೆ ಒಳಹೋಗುವುದಾಗಲಿ ಗಾಳ ಹಾಕುವುದಾಗಲಿ ಕೂಡದು. ಅರಣ್ಯ ಇಲಾಖೆಯ ವಾಹನದಲ್ಲಿ ಸುತ್ತಿ ಬರಬಹುದು. ಮೇ ತಿಂಗಳಾದರೂ ಮಕ್ಕಳ ಸ್ವೆಟರ್ ಮರೆಯಬೇಡಿ.